ಮಾವನ ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರು: ನನ್ನ ಅನುಭವ

ಮುಂಬಯಿ ಬದಿಯ ಡೊಂಬಿವಲಿ ಸ್ಟೇಷನ್ ಹತ್ರ ನಮ್ಮ ಮಾವನ ಹೋಟೆಲುಂಟು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಲೋಕಲ್ ಹಿಡಿಯುವವರ ರಶ್ಶು, ಇಡ್ಲಿ ಪಾರ್ಸೆಲ್ಲು ಒಂದರ ಹಿಂದೆ ಒಂದು, ಸರಿಯಾಗಿ ಆ ಹೊತ್ತಿಗೇ ಗಲ್ಲಾದ ಕಂಪ್ಯೂಟರು ಬಿಲ್ ಕೊಡ್ಲಿಕ್ಕೆ ಒದ್ದಾಡ್ತದೆ. ಮಧ್ಯಾಹ್ನ ಮೂರಕ್ಕೆ ನೋಡಿದ್ರೆ ಎಂತ ತೊಂದ್ರೆಯೂ ಇಲ್ಲ. ರಿಪೇರಿಯವರು ಬಂದದ್ದೂ ಮೂರು ಗಂಟೆಗೇ, ಐದು ನಿಮಿಷ ನೋಡಿ "ಪ್ರೊಸೆಸರ್ ಹಳತಾಯ್ತು, ಪೂರ್ತಿ ಸೆಟ್ ಬದಲಿಸಿ, 28,000 ಆಗ್ತದೆ" ಅಂತ ಹೇಳಿ ಹೋದ್ರು. ಮಾವ ನಂಗೆ ಫೋನ್ ಮಾಡಿ "ಮಾರಾಯ, ದುಡ್ಡು ಕೊಡುವ ಮೊದ್ಲು ನೀನೊಮ್ಮೆ ನೋಡ್ತೀಯಾ" ಅಂದ್ರು.

ಆದಿತ್ಯವಾರ ಮಧ್ಯಾಹ್ನ ಹೋದೆ. ಮೊದ್ಲು ಬಿಲ್ಲಿಂಗ್ ಡೇಟಾ ಎಲ್ಲ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಂಡೆ, ಇದು ಬಿಟ್ಟು ಯಾವ ಮೆಷಿನ್ನನ್ನೂ ನಾನು ಮುಟ್ಟುವುದಿಲ್ಲ. ಆಮೇಲೆ ಇನ್ನೊಂದು ಪೆನ್‌ಡ್ರೈವಿಂದ ಉಬುಂಟು (ವಿಂಡೋಸಿನ ಹಾಗೆ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಬೂಟ್ ಮಾಡಿದೆ, ಇನ್‌ಸ್ಟಾಲ್ ಮಾಡದೆ ಬರೀ ಟ್ರೈ ಮಾಡುವ ಆಪ್ಷನ್, ಒಳಗಿರುವ ವಿಂಡೋಸಿಗೆ ಏನೂ ಆಗುವುದಿಲ್ಲ. ವೈಫೈ ಇಲ್ಲದ ಡೆಸ್ಕ್‌ಟಾಪು, ಹಾಗಾಗಿ ಮೊಬೈಲನ್ನು ಕೇಬಲ್ಲಲ್ಲಿ ಸಿಕ್ಕಿಸಿ ನೆಟ್ ಕೊಟ್ಟು ಸ್ಮಾರ್ಟ್‌ಮಾನ್‌ಟೂಲ್ಸ್, ಎಲ್ಎಂ-ಸೆನ್ಸರ್ಸ್ ಎರಡನ್ನೂ ಹಾಕ್ಕೊಂಡೆ, ಮೊದಲನೆಯದು ಡಿಸ್ಕಿನ ಆರೋಗ್ಯ ನೋಡ್ಲಿಕ್ಕೆ, ಎರಡನೆಯದು ಪ್ರೊಸೆಸರಿನ ಬಿಸಿ ನೋಡ್ಲಿಕ್ಕೆ.

ಎಲ್ಎಸ್‌ಸಿಪಿಯು ಅಂತ ಪ್ರೊಸೆಸರಿನ ವಿವರ ಕೊಡುವ ಕಮಾಂಡ್ ಹೊಡೆದ್ರೆ ಐ3-6100, ಎರಡು ಕೋರು, ನಾಲ್ಕು ಥ್ರೆಡ್ಡು (ಒಟ್ಟಿಗೆ ನಾಲ್ಕು ಕೆಲಸ), ಮ್ಯಾಕ್ಸ್ 3,700 ಮೆಗಾಹರ್ಟ್ಜ್ ಅಂತ ಬಂತು. ಹಳತು ಹೌದು, ಆದ್ರೆ ಬಿಲ್ ಪ್ರಿಂಟ್ ಮಾಡ್ಲಿಕ್ಕೆ ಧಾರಾಳ ಸಾಕು. ಒಳಗಿನ ಭಾಗಗಳ ಪಟ್ಟಿ ಕೊಡುವ ಡಿಎಂಐಡಿಕೋಡಿಗೆ ಸುಡೋ (ಅಡ್ಮಿನ್ ಅನುಮತಿ) ಬೇಕು, ಅದ್ರಲ್ಲಿ ಮೆಮೊರಿ ಕೇಳಿದ್ರೆ ಎರಡು ಸ್ಲಾಟು, ಒಂದ್ರಲ್ಲಿ 4 ಜಿಬಿ, ಇನ್ನೊಂದು ಖಾಲಿ. ಬಾಕ್ಸ್ ಬಿಚ್ಚದೆ ಇಷ್ಟು ತಿಳೀತದಲ್ಲ, ಅದೇ ನಂಗೆ ಈ ಕಮಾಂಡಿನ ಮೇಲೆ ಪ್ರೀತಿ.

ನನ್ನ ಅನುಮಾನ ಪೂರ್ತಿ ಹಾರ್ಡ್‌ಡಿಸ್ಕ್ ಮೇಲಿತ್ತು. ಸ್ಮಾರ್ಟ್‌ಮಾನ್‌ಟೂಲ್ಸಿನ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಹೊಡೆದೆ. ಪವರ್ ಆನ್ ಅವರ್ಸ್, ಅಂದ್ರೆ ಡಿಸ್ಕ್ ಓಡಿದ ಗಂಟೆ, 41,000 ದಾಟಿತ್ತು, ದಿನಕ್ಕೆ 16 ಗಂಟೆ ಓಡುವ ಹೋಟೆಲು, ಏಳು ವರ್ಷದ ಲೆಕ್ಕ ಸರಿಯಾಗಿ ಕೂಡ್ತದೆ. ಆದ್ರೆ ನಾನು ಹುಡುಕ್ತಾ ಇದ್ದ ಎರಡು ಸಾಲು, ರೀಅಲೊಕೇಟೆಡ್ ಸೆಕ್ಟರ್ (ಹಾಳಾಗಿ ಬದಲಿಸಿದ ಜಾಗ) ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್, ಎರಡೂ ಸೊನ್ನೆ. ಓದ್ಲಿಕ್ಕಾಗದ ಜಾಗ ಡಿಸ್ಕಲ್ಲಿ ಕಂಡಿದ್ರೆ ಪೆಂಡಿಂಗಲ್ಲಿ ಸಂಖ್ಯೆ ಏರ್ಬೇಕಿತ್ತು. ನನ್ನ ಅಂದಾಜು ತಪ್ಪು.

ಸೆನ್ಸರ್ಸ್ ನೋಡಿದೆ. ಸುಮ್ಮನೆ ಕೂತಿರುವಾಗ 61 ಡಿಗ್ರಿ, ಪಕ್ಕದಲ್ಲಿ ಕ್ರಿಟಿಕಲ್ 100 ಅಂತ ಬರೆದಿತ್ತು. ಏನೂ ಕೆಲಸ ಇಲ್ಲದ ಡೆಸ್ಕ್‌ಟಾಪಿಗೆ 61 ಜಾಸ್ತಿಯೇ. ಬೆಳಿಗ್ಗೆಯ ರಶ್ಶನ್ನು ಮಧ್ಯಾಹ್ನ ತರ್ಬೇಕಲ್ಲ, ಅದಕ್ಕೆ ಯೆಸ್ ಅಂತ ಒಂದು ಸಣ್ಣ ಕಮಾಂಡ್ ಉಂಟು, ನಿಲ್ಲಿಸುವವರೆಗೆ ವೈ ವೈ ಅಂತ ಬರೀತಾ ಇರ್ತದೆ, ಅದರ ಔಟ್‌ಪುಟ್ಟನ್ನು ಡೆವ್-ನಲ್ ಎಂಬ ಕಸದ ಬುಟ್ಟಿಗೆ ಕಳಿಸಿ ನಾಲ್ಕು ಸಲ ಓಡಿಸಿದ್ರೆ ನಾಲ್ಕೂ ಥ್ರೆಡ್ ತುಂಬಿ ಹೋಗ್ತದೆ. ಇನ್ನೊಂದು ಟರ್ಮಿನಲಲ್ಲಿ (ಕಮಾಂಡ್ ಹೊಡೆಯುವ ಕಿಟಕಿಯಲ್ಲಿ) ವಾಚ್ ಕಮಾಂಡ್ ಹಾಕಿ ಪ್ರೊಕ್ ಫೋಲ್ಡರಿನ ಸಿಪಿಯುಇನ್ಫೋ ಫೈಲಿಂದ ಪ್ರೊಸೆಸರಿನ ವೇಗ ತೋರಿಸುವ ಮೆಗಾಹರ್ಟ್ಜ್ ಸಾಲನ್ನು ಸೆಕೆಂಡಿಗೊಮ್ಮೆ ನೋಡ್ತಾ ಕೂತೆ. (ಈ ಪ್ರೊಕ್ ಫೈಲುಗಳು ಡಿಸ್ಕಲ್ಲಿ ಇರುವುದೇ ಇಲ್ಲ, ಸೈಜು ಸೊನ್ನೆ ತೋರಿಸ್ತದೆ, ನಾವು ಓದ್ಲಿಕ್ಕೆ ಹೋದ ಕ್ಷಣಕ್ಕೆ ಕರ್ನಲ್ (ಸಿಸ್ಟಮ್ಮಿನ ತಿರುಳು) ಬರೆದು ಕೊಡ್ತದೆ. ಎಷ್ಟು ಸಲ ನೋಡಿದ್ರೂ ನಂಗೆ ಇದು ಚಂದ.)

ಮೊದಲ ನಿಮಿಷ 3,700 ಇತ್ತು. ಡಿಗ್ರಿ 80, 91, 97 ಅಂತ ಹತ್ತಿತು, 99ಕ್ಕೆ ಮುಟ್ಟಿದ ಕೂಡ್ಲೇ ಮೆಗಾಹರ್ಟ್ಜ್ 2,400ಕ್ಕೆ ಬಿತ್ತು, ಆಮೇಲೆ 1,500. ಸಿಸ್ಟಮ್ಮಿನ ಸಂದೇಶ ತೋರಿಸುವ ಡಿಮೆಸೇಜ್ ತೆಗೆದ್ರೆ ಕರ್ನಲ್ಲೇ ಹೇಳಿ ಇಟ್ಟಿತ್ತು, ಟೆಂಪರೇಚರ್ ಅಬೌವ್ ಥ್ರೆಶೋಲ್ಡ್, ಸಿಪಿಯು ಕ್ಲಾಕ್ ಥ್ರಾಟಲ್ಡ್ ಅಂತ. ಅಂದ್ರೆ ಪ್ರೊಸೆಸರ್ ಸುಟ್ಟು ಹೋಗ್ಬಾರ್ದು ಅಂತ ತಾನೇ ನಿಧಾನ ಆಗ್ತಾ ಇತ್ತು.

ಆಗ ಬಗ್ಗಿ ನೋಡಿದೆ, ಕ್ಯಾಬಿನೆಟ್ ಇಟ್ಟದ್ದೆಲ್ಲಿ? ಗಲ್ಲಾದ ಕೆಳಗೆ, ಬೆನ್ನು ದೋಸೆ ಕಾವಲಿಯ ಬದಿಗೆ! ಬೆಳಿಗ್ಗೆ ಕಾವಲಿ ಕಾದಿರುವಾಗ ಆ ಬಿಸಿಗಾಳಿಯನ್ನೇ ಫ್ಯಾನು ಒಳಗೆ ಎಳ್ಕೊಳ್ತದೆ, ಮೂರು ಗಂಟೆಗೆ ಕಾವಲಿ ತಣ್ಣಗಿರ್ತದೆ, ಹಾಗಾಗಿ ಬಂದವರಿಗೆ ಗೊತ್ತೇ ಆಗುವುದಿಲ್ಲ. ಮುಚ್ಚಳ ತೆಗೆದ್ರೆ ಪ್ರೊಸೆಸರಿನ ಬಿಸಿ ಹೊರಗೆ ಹಾಕುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಎಣ್ಣೆ ಜಿಡ್ಡು, ಹಿಟ್ಟಿನ ಧೂಳು ಸೇರಿ ಕಂಬಳಿ ಹಾಸಿದ ಹಾಗೆ ದಪ್ಪ ಕೂತಿತ್ತು, ಬೆರಳಿಗಂಟಿದ್ದನ್ನು ಮೂಸಿದ್ರೆ ಒಗ್ಗರಣೆ ವಾಸನೆ. ಮಾವ ಎಂತ ಮಾತಾಡ್ಲಿಲ್ಲ, ನೋಡ್ತಾ ನಿಂತ್ರು.

ಮರುದಿನ ದಾದರಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋಗಿ ಲ್ಯಾಮಿಂಗ್ಟನ್ ರೋಡಲ್ಲಿ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟು) ಮತ್ತು ಒರೆಸ್ಲಿಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ತಂದೆ, ಎಲ್ಲ ಸೇರಿ 500 ದಾಟ್ಲಿಲ್ಲ. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಹೀಟ್‌ಸಿಂಕ್ ಬಿಚ್ಚಿ, ಒಣಗಿ ಸುಣ್ಣದ ಹಾಗಾಗಿದ್ದ ಹಳೆ ಪೇಸ್ಟ್ ಒರೆಸಿ, ಬಟಾಣಿಯಷ್ಟು ಹೊಸತು ಹಾಕಿ ಕೂರಿಸಿದೆ. ಕ್ಯಾಬಿನೆಟ್ಟನ್ನು ಬಾಗಿಲ ಬದಿಗೆ ಸರಿಸಿದೆ. ಪುನಃ ನಾಲ್ಕು ಯೆಸ್ ಓಡಿಸಿ ಹತ್ತು ನಿಮಿಷ ಕಾದೆ, 66 ಡಿಗ್ರಿ, 3,700 ಅಲುಗಲಿಲ್ಲ.

ಡಿಸ್ಕ್ ಈಗ ಸರಿ ಇದ್ರೂ 41,000 ಗಂಟೆ ಅಂದ್ರೆ ವಯಸ್ಸಾಯ್ತು, ಎಸ್ಎಸ್‌ಡಿ ಹಾಕ್ಸಿ, ಅಲ್ಲಿವರೆಗೆ ರಾತ್ರಿ ದಿನಾ ಬ್ಯಾಕಪ್ ತೆಗೀರಿ ಅಂತ ಮಾವನಿಗೆ ಹೇಳಿದ್ದೇನೆ. ತಾರೀಕು, ಡಿಗ್ರಿ, ಪೆಂಡಿಂಗ್ ಸೆಕ್ಟರ್ ಸೊನ್ನೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾದ ಡ್ರಾಯರೊಳಗೆ ಅಂಟಿಸಿ ಬಂದೆ. ಮೂರು ತಿಂಗಳು ಕಳೆದು ಮೊನ್ನೆ ಹೋಗಿದ್ದಾಗ ಅದರ ಕೆಳಗೆ ಎರಡನೇ ಸಾಲು ಬರೆದೆ: 69 ಡಿಗ್ರಿ, ಪೆಂಡಿಂಗ್ ಸೊನ್ನೆ.