ಕಾಲು ನೋವಿನಿಂದ ಎದ್ದ ಹೋರಿಯನ್ನು ಮತ್ತೆ ಅಖಾಡಕ್ಕೆ ಇಳಿಸುವ ಮುನ್ನ

ಹಾವೇರಿ ಸೀಮೆಯಲ್ಲಿ ದೀಪಾವಳಿ ಬಂತೆಂದರೆ, ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸುವ ಹೋರಿಯಿಂದ ಹುಡುಗರು ಆ ಸರವನ್ನು ಕಿತ್ತುಕೊಳ್ಳಲು ನೋಡುವ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಹೋರಿಯನ್ನು ಆ ಹಬ್ಬಕ್ಕೇ ಸಜ್ಜುಗೊಳಿಸಬೇಕೆಂಬ ಆತುರದಲ್ಲಿ ನಾನೊಮ್ಮೆ ಸೋತಿದ್ದೇನೆ. ಬಲ ಮುಂಗಾಲಿನ ನರ ಎಳೆದು ಐದು ತಿಂಗಳು ವಿಶ್ರಾಂತಿಯಲ್ಲಿದ್ದ ನನ್ನ ಹೋರಿ, ಅಖಾಡದ ಅರ್ಧಕ್ಕೇ ಓಟ ತಗ್ಗಿಸಿತು. ಅಲ್ಲಿಯವರೆಗೆ ಯಾರಿಗೂ ಒಂದು ಬಟ್ಟಲು ಕೊಬ್ಬರಿಯನ್ನೂ ಬಿಟ್ಟುಕೊಡದಿದ್ದ ಅದರ ಕೊರಳಿನ ಸರವನ್ನು ಹುಡುಗರು ಸಲೀಸಾಗಿ ಹರಿದುಕೊಂಡರು.

ದಮ್ಮು ಮತ್ತು ಮೈಕಟ್ಟು ಕೆಲವೇ ವಾರಗಳಲ್ಲಿ ಮರಳುತ್ತವೆ, ಆದರೆ ನಾವು ನರವೆಂದು ಕರೆಯುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಆದ್ದರಿಂದ ಹೊಳೆಯುವ ಮೈಯನ್ನು ನೋಡಿ ತೀರ್ಮಾನಿಸದೆ, ದಿನವೂ ಬೆಳಿಗ್ಗೆ ಕಣ್ಣಿ ಬಿಚ್ಚುವ ಮೊದಲು ಅಂಗೈಯ ಹಿಂಬದಿಯನ್ನು ಎರಡೂ ಮುಂಗಾಲುಗಳ ಮೇಲಿಂದ ಗೊರಸಿನವರೆಗೆ ಆಡಿಸಿ, ಬಿಸಿಯಾಗಲಿ ಬಾವಾಗಲಿ ಒಂದೇ ಕಾಲಿನಲ್ಲಿ ಹೆಚ್ಚಿದೆಯೇ ಎಂದು ಹೋಲಿಸಬೇಕು. ಅನಂತರ ಗಟ್ಟಿ ನೆಲದ ಮೇಲೆ ನಡೆಸಿ ಎದುರಿನಿಂದ ಗಮನಿಸಬೇಕು: ನೋವಿರುವ ಮುಂಗಾಲು ಊರಿದಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲು ಊರಿದಾಗ ತಗ್ಗುತ್ತದೆ. ನನ್ನ ಹೋರಿಯ ಕೊರಳಿನ ಗೆಜ್ಜೆಸರ ಒಂದು ಹೆಜ್ಜೆಗೆ ಜೋರಾಗಿ, ಮುಂದಿನ ಹೆಜ್ಜೆಗೆ ಮೆಲ್ಲಗೆ ಸದ್ದು ಮಾಡುತ್ತಿತ್ತು. ತಲೆಯ ಆ ಏರಿಳಿತವನ್ನು ನಾನು ಹುರುಪೆಂದು ತಿಳಿದೆ.

ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ನಿಂತಲ್ಲೇ ನಿಂತ ಹೋರಿಗೆ ಅದು ಸವೆಯುವುದಿಲ್ಲವಾದ್ದರಿಂದ, ತುದಿ ಉದ್ದವಾಗಿ ಹಿಂಭಾಗದ ನರಕ್ಕೇ ಎಳೆತ ಹೆಚ್ಚುತ್ತದೆ. ಓಡಿಸುವ ಮೊದಲೇ ಕೆತ್ತಿಸಬೇಕು. ಹುರುಳಿ, ಹಿಂಡಿ, ಮೆಕ್ಕೆಜೋಳದ ನುಚ್ಚನ್ನು ಒಮ್ಮೆಲೇ ಏರಿಸಿದರೆ ಹೊಟ್ಟೆ ಹುಳಿಯಾಗಿ ಗೊರಸಿನ ಒಳಭಾಗಕ್ಕೂ ಉರಿ ಇಳಿಯುವ ಅಪಾಯವಿರುವುದರಿಂದ, ಕಣಿಕೆಯನ್ನೇ ಮುಖ್ಯವಾಗಿಟ್ಟು ಕಾಳನ್ನು ದಿನದಿನಕ್ಕೆ ಹಿಡಿಹಿಡಿಯಾಗಿ ಹೆಚ್ಚಿಸಬೇಕು.

ಪಶುವೈದ್ಯರು ಒಪ್ಪಿದ ಮೇಲೆ ಮೊದಲ ವಾರಗಳಲ್ಲಿ ಬರೀ ನಡಿಗೆ, ಬಳಿಕ ಹದವಾದ ಹೊಲದಲ್ಲಿ ಹಗುರ ಕುಂಟೆ, ಕೊನೆಗೆ ನೇರ ದಾರಿಯ ಗಿಡ್ಡ ಓಟ. ಹಸಿ ಎರೆನೆಲದಲ್ಲಿ ಕಾಲು ಹೂತು ಹೊರಳುವುದರಿಂದ ಮಳೆ ಬಿದ್ದ ದಿನ ಓಡಿಸಲೇಬಾರದು. ನೋವಿನ ಇಂಜೆಕ್ಷನ್ ಹಾಕಿಸಿ ಅಖಾಡಕ್ಕೆ ಬಿಡುವವರೂ ಇದ್ದಾರೆ. ನೋವು ತಿಳಿಯದ ಹೋರಿ ಅರೆ ಹರಿದ ನರವನ್ನು ಪೂರ್ತಿ ಹರಿದುಕೊಳ್ಳಬಹುದು.

ಇಷ್ಟಾಗಿಯೂ ಮೊದಲ ಓಟ ಸಪ್ಪೆಯಾದರೆ ಹೋರಿಯನ್ನು ಮಾರುವ ಮಾತು ಬೇಡ. ಚೆನ್ನಾಗಿ ಹೊರಟು ಕೊನೆಯಲ್ಲಿ ಬಳಲಿ ಪಕ್ಕೆ ಬಡಿದುಕೊಂಡರೆ ಬಹುಶಃ ದಮ್ಮು ಸಾಲದು; ಮೊದಲ ನೆಗೆತದಿಂದಲೇ ಹೆಜ್ಜೆ ಗಿಡ್ಡವಾಗಿದ್ದರೆ ಕಾಲನ್ನು ಅನುಮಾನಿಸಬೇಕು; ಕಾಲು, ದಮ್ಮು ಸರಿಯಿದ್ದೂ ಜನರ ಕೇಕೆಗೆ ಹಿಂಜರಿದರೆ ಅದು ಗದ್ದಲವನ್ನೇ ಮರೆತಿರಬಹುದು. ಇವುಗಳಲ್ಲಿ ಯಾವುದೆಂದು ಮರುದಿನ ಬೆಳಿಗ್ಗೆ ಹೆಚ್ಚು ಸ್ಪಷ್ಟವಾಗುತ್ತದೆ. ನನ್ನದು ಗೋದಲಿಯ ಮುಂದೆ ಬಲಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಎಡಕ್ಕೆ ಕೊಟ್ಟು ನಿಂತಿತ್ತು, ಮುಟ್ಟಿದರೆ ನರದ ಮೇಲೆ ಬಿಸಿ. ಅದೇ ದಿನ ಕೊರಳಿನ ಗೆಜ್ಜೆ ಬಿಚ್ಚಿ ಮತ್ತೆ ಮೊದಲ ವಾರದ ನಡಿಗೆಗೂ ಮುಂಚಿನ ವಿಶ್ರಾಂತಿಗೆ ಕಟ್ಟಿದೆ.