ತಂತಿ ಕುರ್ಚಿಗೆ ಮಳೆ ತಡೆಯುವ ಮೆತ್ತೆ ಹೊಲಿಯುವುದು ಹೇಗೆ?

ವಿನ್ಯಾಸಕ ಹ್ಯಾರಿ ಬರ್ಟೋಯಾ 1952ರಲ್ಲಿ ರೂಪಿಸಿದ ಉಕ್ಕಿನ ತಂತಿ ಕುರ್ಚಿಯಿರಲಿ, ಅದನ್ನು ನೋಡಿ ಬಂದ ಇವತ್ತಿನ ಬಾಲ್ಕನಿ ಕುರ್ಚಿಯಿರಲಿ, ಸ್ವಲ್ಪ ಹೊತ್ತು ಕೂತರೆ ತೊಡೆಯ ಮೇಲೆ ತಂತಿಯ ಅಚ್ಚು ಮೂಡುತ್ತದೆ. ಮೆತ್ತೆ ಬೇಕೇ ಬೇಕು. ಆದರೆ ಎಂಥ ಬಟ್ಟೆ ಹಾಕಿದರೂ ಸೂಜಿ ಚುಚ್ಚಿದ ತೂತಿನಲ್ಲಿ ನೀರು ಇಳಿಯುತ್ತದೆ. ಹಾಗಾಗಿ ಒಳಗೆ ಬಂದ ನೀರು ಹೊರಗೆ ಹೋಗಲು ದಾರಿ ಬಿಡುವುದೇ ಇಲ್ಲಿ ಮುಖ್ಯ. ತಂತಿ ಕುರ್ಚಿಯ ತಳ ಹೇಗೂ ತೆರೆದೇ ಇರುತ್ತದೆ.

ಮೇಲ್ಭಾಗಕ್ಕೂ ಪಕ್ಕದ ಪಟ್ಟಿಗೂ ಹೊರಾಂಗಣದ ಅಕ್ರಿಲಿಕ್ ಬಟ್ಟೆ, ತಳಕ್ಕೆ ಪಿವಿಸಿ ಲೇಪಿತ ಪಾಲಿಯೆಸ್ಟರ್ ಜಾಲರಿ ತನ್ನಿ. ಫೋಮ್ ಮಾಮೂಲಿ ಸೋಫಾದ್ದು ಬೇಡ, ಅದು ನೀರು ಹಿಡಿದುಕೊಂಡು ಬೂಷ್ಟು ಬರುತ್ತದೆ. ಬೇಗ ಒಣಗುವ, ರಂಧ್ರಗಳೆಲ್ಲ ತೆರೆದಿರುವ ಫೋಮ್ ಕೇಳಿ. ತುಂಡೊಂದನ್ನು ಬಾಯಿಗೆ ಹಿಡಿದು ಊದಿ ನೋಡಿ: ಆಚೆ ಬದಿಯ ಅಂಗೈಗೆ ಉಸಿರು ಸಲೀಸಾಗಿ ತಾಗಬೇಕು. ದಾರ ಪಾಲಿಯೆಸ್ಟರಿನದೇ ಆಗಿರಲಿ, ಹತ್ತಿ ದಾರ ಕೊಳೆಯುತ್ತದೆ. ಝಿಪ್ಪಿನ ಹಲ್ಲಷ್ಟೇ ಅಲ್ಲ, ಎಳೆಯುವ ತುದಿಯೂ ಪ್ಲಾಸ್ಟಿಕ್ ಆಗಿರಲಿ, ಇಲ್ಲದಿದ್ದರೆ ತುಕ್ಕಿನ ಕಲೆ ಬಟ್ಟೆಗೆ ಇಳಿಯುತ್ತದೆ.

ಕುರ್ಚಿಯ ಮೇಲೆ ಹಳೇ ಪೇಪರ್ ಹಾಸಿ, ಅಂಚನ್ನು ಬೆರಳಲ್ಲಿ ಒತ್ತಿ ಅಚ್ಚು ತೆಗೆಯಿರಿ. 40×40 ಸೆಂ.ಮೀ. ಚೌಕ ಬಂತು ಎನ್ನಿ. ಮೇಲ್ಬಟ್ಟೆ, ಜಾಲರಿ ಎರಡನ್ನೂ 43×43 ಕತ್ತರಿಸಿ, ಸುತ್ತ 1.5 ಸೆಂ.ಮೀ. ಹೊಲಿಗೆಗೆ ಹೋಗುತ್ತದೆ. 4 ಸೆಂ.ಮೀ. ದಪ್ಪದ ಫೋಮನ್ನು ಮಾತ್ರ 41×41 ಇಡಿ. ಕವರಿಗಿಂತ ಫೋಮ್ ಕೊಂಚ ದೊಡ್ಡದಿದ್ದರೇ ಮೆತ್ತೆ ಬಿಗಿಯಾಗಿ ನಿಲ್ಲುವುದು. ಸಡಿಲವಾದರೆ ನಡುವೆ ತಗ್ಗು ಬಿದ್ದು ನೀರು ನಿಲ್ಲುತ್ತದೆ.

ಪಕ್ಕದ ಪಟ್ಟಿ 7 ಸೆಂ.ಮೀ. ಅಗಲ. ಹಿಂಬದಿಯ 63 ಸೆಂ.ಮೀ. ಪಟ್ಟಿಯ ನಡುವೆ ಝಿಪ್ ಕೂರಿಸಿ (ಝಿಪ್ ಸೇರಿ ಅಗಲ 7), ಉಳಿದ 103 ಸೆಂ.ಮೀ. ಪಟ್ಟಿಗೆ ಎರಡೂ ತುದಿ ಜೋಡಿಸಿ ಬಳೆ ಮಾಡಿ. 60 ಸೆಂ.ಮೀ. ಉದ್ದದ ನಾಲ್ಕು ಲಾಡಿಗಳನ್ನು ನಡುವೆ ಮಡಚಿ, ಮಡಿಕೆಯನ್ನು ಜಾಲರಿಯ ಮೂಲೆಗಳಲ್ಲಿ ಸಿಕ್ಕಿಸಿ ಜಾಲರಿಯನ್ನು ಬಳೆಗೆ ಹೊಲಿಯಿರಿ. ಝಿಪ್ ಅರ್ಧ ತೆರೆದಿಟ್ಟು ಕೊನೆಗೆ ಮೇಲ್ಬಟ್ಟೆ ಹೊಲಿಯಿರಿ. ಮುಚ್ಚಿ ಹೊಲಿದರೆ ಕವರನ್ನು ಮಗುಚಲು ಹೊಲಿಗೆ ಬಿಚ್ಚಬೇಕಾಗುತ್ತದೆ. 16ನೇ ನಂಬರಿನ ಸೂಜಿ, 4 ಮಿ.ಮೀ. ಹೊಲಿಗೆ ಸಾಕು, ಇನ್ನೂ ಸಣ್ಣ ಹೊಲಿಗೆ ಹಾಕಿದರೆ ತೂತು ಹೆಚ್ಚುತ್ತದೆ. ಗುಂಡುಪಿನ್ನಿನ ಬದಲು ಬಟ್ಟೆ ಕ್ಲಿಪ್ ಬಳಸಿ.

ಫೋಮ್ ಒಳಗೆ ಜಾರದೆ ಸಿಕ್ಕಿಕೊಳ್ಳುತ್ತದೆ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೂರಿಸಿ, ಮೂಲೆಗಳು ಕೂತ ಮೇಲೆ ಚೀಲವನ್ನು ತಪ್ಪದೆ ಎಳೆದುಬಿಡಿ. ಅದು ಒಳಗೇ ಉಳಿದರೆ ಜಾಲರಿ ಹಾಕಿದ್ದೂ ವ್ಯರ್ಥ.

ಕಟ್ಟುವ ಮೊದಲು ಒಂದು ಲೋಟ ನೀರು ಸುರಿಯಿರಿ. ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳಬೇಕು, ಒಳಗಿಳಿದದ್ದು ತಳದಿಂದ ತೊಟ್ಟಿಕ್ಕಬೇಕು. ಒಗೆಯುವಾಗ ಫ್ಯಾಬ್ರಿಕ್ ಕಂಡಿಷನರ್ ಹಾಕಲೇಬೇಡಿ, ಬಟ್ಟೆಯ ನೀರು ತಡೆಯುವ ಗುಣ ಹೋಗುತ್ತದೆ. ಜಡಿಮಳೆ ಹಿಡಿದ ದಿನ ಮೆತ್ತೆಯನ್ನು ಅಂಚಿನ ಮೇಲೆ ನಿಲ್ಲಿಸಿಡಿ.