ತೀರಿಕೊಂಡ ಮನೋವಿಜ್ಞಾನಿಗಳ ಬಗ್ಗೆ ನಾನು ಹೇಗೆ ಬರೆಯುತ್ತೇನೆ

ಸೈಕಾಲಜಿ ಪಾಠ ಮಾಡುವುದು ನನ್ನ ಕೆಲಸ. ಅದರ ಜೊತೆಗೆ ತುಂಬಾ ವರ್ಷಗಳಿಂದ ಮನೋವಿಜ್ಞಾನಿಗಳ ಬದುಕಿನ ಬಗ್ಗೆ ಬರೆಯುತ್ತಾ ಬಂದಿದ್ದೇನೆ. ಹೆಸರಾದವರು ಯಾರಾದರೂ ತೀರಿಕೊಂಡಾಗ ಒಂದು ನೆನಪಿನ ಬರಹ, ಹಳಬರ ಹುಟ್ಟಿದ ದಿನ ಬಂದಾಗ ಒಂದು ಪರಿಚಯ, ಹೀಗೆ. ಇದನ್ನೆಲ್ಲ ಹೇಗೆ ಬರೆಯುತ್ತೀರಿ, ಎಲ್ಲಿಂದ ಶುರು ಮಾಡುತ್ತೀರಿ ಅಂತ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ.

ನಮ್ಮ ಪಠ್ಯಪುಸ್ತಕಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ರಯೋಗ ಅಂಟಿಕೊಂಡಿದೆ. ಪಾವ್ಲೋವ್ ಅಂದರೆ ನಾಯಿ, ಸ್ಕಿನ್ನರ್ ಅಂದರೆ ಪೆಟ್ಟಿಗೆ, ಮಿಲ್‌ಗ್ರಾಂ ಅಂದರೆ ಕರೆಂಟ್ ಶಾಕ್. ಪರೀಕ್ಷೆಗೆ ಅಷ್ಟು ಸಾಕು. ಆದರೆ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ ಅಂತ ಹೇಳಿದರೆ ಕ್ಲಾಸಿನಲ್ಲಿ ಅರ್ಧ ಜನ ನಂಬುವುದಿಲ್ಲ. ಒಬ್ಬ ಮನುಷ್ಯ ನಲವತ್ತು ಐವತ್ತು ವರ್ಷ ಒಂದು ಪ್ರಶ್ನೆಯ ಹಿಂದೆ ಬಿದ್ದು ಓಡಾಡಿರುತ್ತಾನೆ, ಜಗಳ ಆಡಿರುತ್ತಾನೆ, ದೇಶ ಬಿಟ್ಟಿರುತ್ತಾನೆ, ಕೊನೆಗೆ ನಮ್ಮ ಕೈಗೆ ಸಿಗುವುದು ಎರಡು ಸಾಲು. ನನಗೆ ಇದು ನಿಜವಾಗಲೂ ನೋವು ಕೊಡುತ್ತದೆ. ಅವರು ಯಾವ ಪ್ರಶ್ನೆಯನ್ನು ಬಿಡಲಾಗದೆ ಹಿಡಿದುಕೊಂಡಿದ್ದರು, ಅದು ಎಂಥ ಬದುಕಿನ ನಡುವೆ ಬಂತು, ಜೊತೆಗೆ ಯಾರಿದ್ದರು, ಇದನ್ನು ಹುಡುಕುವುದೇ ನನ್ನ ಕೆಲಸ ಅಂದುಕೊಂಡಿದ್ದೇನೆ.

ಮೊದಲು ಒಂದು ಹಾಳೆಯಲ್ಲಿ ಇಸವಿಗಳನ್ನು ಬರೆದುಕೊಳ್ಳುತ್ತೇನೆ. ಎಡಗಡೆ ಅವರ ಬದುಕು, ಬಲಗಡೆ ಆ ವರ್ಷ ಜಗತ್ತಿನಲ್ಲಿ ಆಗುತ್ತಿದ್ದದ್ದು. ಕರ್ಟ್ ಲೆವಿನ್ ಅವರ ಹಾಳೆಯನ್ನು ನೋಡಿ. 1890ರಲ್ಲಿ ಹುಟ್ಟಿದರು, ಯಹೂದಿ ಮನೆತನ. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿದ್ದು ಗಾಯಗೊಂಡರು. ಆಮೇಲೆ ಬರ್ಲಿನ್‌ನಲ್ಲಿ ಪಾಠ, ಸಂಶೋಧನೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ, ಲೆವಿನ್ ಅಮೆರಿಕಕ್ಕೆ ಹೊರಟರು. 1939ರಲ್ಲಿ ಅವರು ಲಿಪಿಟ್ ಮತ್ತು ವೈಟ್ ಜೊತೆ ಸೇರಿ ಪ್ರಕಟಿಸಿದ ಲೇಖನ, ಮಕ್ಕಳ ಗುಂಪಿನಲ್ಲಿ ಸರ್ವಾಧಿಕಾರಿ ನಾಯಕ ಇದ್ದರೆ ಏನಾಗುತ್ತದೆ, ಎಲ್ಲರನ್ನೂ ಕೇಳಿ ನಡೆಯುವ ನಾಯಕ ಇದ್ದರೆ ಏನಾಗುತ್ತದೆ ಅನ್ನುವುದರ ಬಗ್ಗೆ. ಬಲಗಡೆ ಆ ವರ್ಷ ಎರಡನೇ ಮಹಾಯುದ್ಧ ಶುರುವಾಗಿದೆ. ಅವರ ತಾಯಿಯನ್ನು ನಾಜಿಗಳು ಕೊಂದರು. 1947ರಲ್ಲಿ, 56ನೇ ವಯಸ್ಸಿಗೇ, ಹೃದಯಾಘಾತದಿಂದ ಲೆವಿನ್ ಹೋದರು. ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ ನಾಯಕತ್ವದ ಆ ಪ್ರಯೋಗ ಬೇರೆಯೇ ಥರ ಕಾಣುತ್ತದೆ, ಅಲ್ವಾ? ಆದರೆ 'ಹಿಟ್ಲರ್‌ನಿಂದಾಗಿಯೇ ಈ ಪ್ರಯೋಗ ಮಾಡಿದರು' ಅಂತ ನಾನು ಖಡಾಖಂಡಿತವಾಗಿ ಬರೆಯುವುದಿಲ್ಲ. ಇಸವಿಗಳನ್ನು ಪಕ್ಕಪಕ್ಕ ಇಡುತ್ತೇನೆ, ಊಹೆ ಮಾಡಿದರೆ ಊಹೆ ಅಂತಲೇ ಹೇಳುತ್ತೇನೆ.

ಇದೇ ಲೆವಿನ್ ಅವರ ಬರ್ಲಿನ್ ವಿದ್ಯಾರ್ಥಿನಿ ಬ್ಲೂಮಾ ಝೈಗಾರ್ನಿಕ್. ಅರ್ಧಕ್ಕೆ ನಿಂತ ಕೆಲಸ ಜಾಸ್ತಿ ನೆನಪಿರುತ್ತದೆ ಅನ್ನುವ 1927ರ ಸಂಶೋಧನೆಗೆ ಅವರ ಹೆಸರೇ ಇದೆ. ಆಫೀಸು ಕೆಲಸ ಮುಗಿಸುವ ಉಪಾಯ ಹೇಳುವ ಲೇಖನಗಳಲ್ಲೆಲ್ಲ ಆ ಹೆಸರು ಬರುತ್ತದೆ. ಅಲ್ಲಿಗೆ ಅವರ ಕಥೆ ಮುಗಿಯಿತು ಅನ್ನುವ ಹಾಗೆ. ಆದರೆ ಅವರು ಬದುಕಿದ್ದು 1988ರವರೆಗೆ. ಮಾಸ್ಕೋಗೆ ಹೋದರು, ಅಲ್ಲಿನ ಮನೋವಿಜ್ಞಾನಿ ವೈಗೋಟ್‌ಸ್ಕಿ ಜೊತೆ ಕೆಲಸ ಮಾಡಿದರು. 1940ರಲ್ಲಿ ಗಂಡನ ಬಂಧನವಾಯಿತು, ಮಕ್ಕಳ ಜವಾಬ್ದಾರಿ ಒಬ್ಬರ ಮೇಲೇ ಬಿತ್ತು. ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದ ಸೈನಿಕರನ್ನು ಮತ್ತೆ ಬದುಕಿಗೆ ತರುವ ಆಸ್ಪತ್ರೆಯಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಲೂರಿಯಾ ಜೊತೆ ದುಡಿದರು. ಆಮೇಲೆ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಮಾನಸಿಕ ಕಾಯಿಲೆಯಲ್ಲಿ ಯೋಚನೆ ಹೇಗೆ ಕೆಡುತ್ತದೆ ಅನ್ನುವ ಅಧ್ಯಯನವನ್ನು ಒಂದು ಶಾಖೆಯಾಗಿಯೇ ಬೆಳೆಸಿದರು. ಅವರ ಹೆಸರಿನ ಆ ಮೊದಲ ಫಲಿತಾಂಶ ಆಮೇಲಿನ ಪ್ರಯೋಗಗಳಲ್ಲಿ ಪ್ರತಿ ಸಲ ಸಿಕ್ಕಿಲ್ಲ. ಅದನ್ನೂ ಬರೆಯುತ್ತೇನೆ. ಚಿಕ್ಕ ವಯಸ್ಸಿನ ಒಂದು ಸಂಶೋಧನೆ ಗಟ್ಟಿಯಾಗಿ ನಿಲ್ಲದಿದ್ದರೂ ಆ ಆಸ್ಪತ್ರೆಯ ಕೆಲಸ ಎಲ್ಲಿಗೂ ಹೋಗುವುದಿಲ್ಲ.

ಇಸವಿಗಳಾದ ಮೇಲೆ ಅವರದೇ ಒಂದು ಮೂಲ ಲೇಖನವನ್ನು ಪೂರ್ತಿ ಓದುತ್ತೇನೆ. ಎಷ್ಟೇ ಅವಸರ ಇದ್ದರೂ ಇದನ್ನು ಬಿಡುವುದಿಲ್ಲ. ವಾಟ್ಸನ್ ಮತ್ತು ರೊಸಾಲಿ ರೇನರ್ 1920ರಲ್ಲಿ ಪ್ರಕಟಿಸಿದ 'ಪುಟ್ಟ ಆಲ್ಬರ್ಟ್' ಲೇಖನವನ್ನು ಓದಿದವರು ಕಡಿಮೆ, ಕಥೆ ಕೇಳಿದವರೇ ಎಲ್ಲ. ಬಿಳಿ ಇಲಿಯನ್ನು ತೋರಿಸಿ, ಜೊತೆಗೇ ದೊಡ್ಡ ಸದ್ದು ಮಾಡಿ, ಒಂದು ಮಗುವಿಗೆ ಇಲಿಯ ಭಯ ಹುಟ್ಟಿಸಿದ ಪ್ರಯೋಗ ಅದು. ಕೆಲವರು ಮಗುವಿನ ಭಯವನ್ನು ಆಮೇಲೆ ಹೋಗಲಾಡಿಸಿದರು ಅಂತಲೂ ಸೇರಿಸಿ ಹೇಳುತ್ತಾರೆ. ಲೇಖನದಲ್ಲಿ ಹಾಗಿಲ್ಲ. ಭಯ ತೆಗೆಯುವ ಮೊದಲೇ ಮಗು ಆಸ್ಪತ್ರೆಯಿಂದ ಹೋಗಿಬಿಟ್ಟಿತು. ಮಗುವಿನ ಭಯವನ್ನು ಹೇಗೆ ಬಿಡಿಸಬಹುದು ಅಂತ ತೋರಿಸಿದ್ದು 1924ರಲ್ಲಿ ಮೇರಿ ಕವರ್ ಜೋನ್ಸ್, ಪೀಟರ್ ಅನ್ನುವ ಬೇರೆ ಹುಡುಗನ ಜೊತೆ. ಮೊಲವನ್ನು ನಿಧಾನವಾಗಿ ಹತ್ತಿರ ತಂದು, ಅದೇ ಹೊತ್ತಿಗೆ ಅವನಿಗೆ ಇಷ್ಟವಾದ ತಿಂಡಿ ಕೊಟ್ಟು. ವಾಟ್ಸನ್ ಅವರ ಬಗ್ಗೆ ಬರೆಯುವಾಗ ಇನ್ನೊಂದು ಕಷ್ಟ ಇದೆ. ಸಾಯುವ ಮೊದಲು ಅವರು ತಮ್ಮ ಕಾಗದಪತ್ರಗಳನ್ನು ಸುಟ್ಟುಬಿಟ್ಟರು. ಹಾಗಾಗಿ ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವ ವಾಕ್ಯಗಳನ್ನು ನಾನು ಬರೆಯುವುದೇ ಇಲ್ಲ, ಕಾಗದ ಸುಟ್ಟ ವಿಷಯ ಬರೆಯುತ್ತೇನೆ.

ಮೂಲ ಆಕರ ಎಲ್ಲಿ ಸಿಗುತ್ತದೆ ಅನ್ನುವುದಕ್ಕೆ ಎರಡು ಮಾತು. 1930ರಿಂದ ಮನೋವಿಜ್ಞಾನಿಗಳು ತಾವೇ ಬರೆದ ಆತ್ಮಕಥನಗಳ ಸಂಪುಟಗಳು ಬಂದಿವೆ, ಕಾರ್ಲ್ ಮರ್ಚಿಸನ್ ಶುರು ಮಾಡಿದ್ದು. ಅಮೆರಿಕದ ಆಕ್ರನ್ ವಿಶ್ವವಿದ್ಯಾಲಯದಲ್ಲಿ 1965ರಿಂದ ಮನೋವಿಜ್ಞಾನದ ಇತಿಹಾಸಕ್ಕೇ ಮೀಸಲಾದ ದಾಖಲೆ ಸಂಗ್ರಹ ಇದೆ, ಪತ್ರ, ಫೋಟೋ, ಹಳೆಯ ಉಪಕರಣ ಎಲ್ಲ. ವೃತ್ತಿ ಪತ್ರಿಕೆಗಳ ಶ್ರದ್ಧಾಂಜಲಿ ಪುಟಗಳು ಇಸವಿ, ಹುದ್ದೆಗಳ ಮಟ್ಟಿಗೆ ಒಳ್ಳೆಯವು. ಹೊಗಳಿಕೆಯ ಮಟ್ಟಿಗೆ ಅವುಗಳನ್ನು ನೆಚ್ಚಿಕೊಳ್ಳಬಾರದು. ಇದು ಯಾಕೆ ಅಂತ ತಿಳಿಯಬೇಕಾದರೆ ಸಿರಿಲ್ ಬರ್ಟ್ ಅವರ ಕಥೆ ಗೊತ್ತಿರಬೇಕು.

ಬರ್ಟ್ ಬ್ರಿಟನ್ನಿನ ದೊಡ್ಡ ಹೆಸರು. 1946ರಲ್ಲಿ ಸರ್ ಪದವಿ ಸಿಕ್ಕಿತ್ತು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಬುದ್ಧಿಮಟ್ಟ ಹೋಲಿಸಿ, ಬುದ್ಧಿ ಹೆಚ್ಚಾಗಿ ಹುಟ್ಟಿನಿಂದ ಬರುತ್ತದೆ ಅಂತ ವಾದಿಸಿದವರು. 1971ರಲ್ಲಿ ತೀರಿಕೊಂಡಾಗ ಸ್ಮರಣೆಯ ಭಾಷಣ ಮಾಡಿದವರು ಲೆಸ್ಲಿ ಹರ್ನ್‌ಶಾ, ಮನೋವಿಜ್ಞಾನದ ಇತಿಹಾಸಕಾರ. ಬರ್ಟ್ ಅವರ ತಂಗಿ ಜೀವನಚರಿತ್ರೆ ಬರೆದುಕೊಡಿ ಅಂತ ಇವರನ್ನೇ ಕೇಳಿದರು. ಹರ್ನ್‌ಶಾ ಒಪ್ಪಿದರು. ಅಷ್ಟರಲ್ಲಿ ಲಿಯಾನ್ ಕಾಮಿನ್ ಅನ್ನುವವರು ಒಂದು ವಿಷಯ ಗಮನಿಸಿದರು. ಬರ್ಟ್ ಅವರ ಅವಳಿ ಜೋಡಿಗಳ ಸಂಖ್ಯೆ 21ರಿಂದ 53ಕ್ಕೆ ಏರಿದರೂ, ಬುದ್ಧಿಮಟ್ಟದ ಹೊಂದಾಣಿಕೆಯ ಅಂಕಿ ಮಾತ್ರ 0.771 ಅಂತ ಮೂರನೇ ದಶಮಾಂಶದವರೆಗೆ ಅಲ್ಲಾಡದೆ ನಿಂತಿತ್ತು. ಹೊಸ ಜನ ಸೇರಿದಾಗ ಅಂಕಿ ಸ್ವಲ್ಪವಾದರೂ ಆಚೀಚೆ ಆಗಬೇಕು. 1976ರಲ್ಲಿ ಲಂಡನ್ನಿನ ಪತ್ರಿಕೆಯೊಂದು, ಬರ್ಟ್ ಹೆಸರಿಸಿದ್ದ ಇಬ್ಬರು ಸಹಾಯಕಿಯರ ಸುಳಿವೇ ಸಿಗುತ್ತಿಲ್ಲ ಅಂತ ಬರೆಯಿತು. ಹರ್ನ್‌ಶಾ ಕೈಯಲ್ಲಿ ಬರ್ಟ್ ಅವರ ದಿನಚರಿಗಳಿದ್ದವು. ಅವನ್ನೆಲ್ಲ ಓದಿ, ತಾವು ಗೌರವಿಸುತ್ತಿದ್ದ ಆ ಮನುಷ್ಯ ಕೊನೆಯ ವರ್ಷಗಳಲ್ಲಿ ಅಂಕಿಅಂಶಗಳನ್ನು ಹುಟ್ಟಿಸಿಕೊಂಡಿದ್ದರು ಅನ್ನುವ ತೀರ್ಮಾನಕ್ಕೆ ಬಂದು, 1979ರ ಪುಸ್ತಕದಲ್ಲಿ ಹಾಗೆಯೇ ಬರೆದರು. ಹತ್ತು ವರ್ಷದ ಮೇಲೆ ಬೇರೆ ಲೇಖಕರು ಬರ್ಟ್ ಪರವಾಗಿ ವಾದಿಸಿದರು, ಚರ್ಚೆ ಪೂರ್ತಿ ಮುಗಿದಿಲ್ಲ. ನನಗೆ ಹರ್ನ್‌ಶಾ ಬಗ್ಗೆ ಬಹಳ ಗೌರವ. ಭಾಷಣ ಮಾಡಿದವರೇ, ತಂಗಿಯ ಕೋರಿಕೆಯ ಮೇಲೆ ಕೂತವರೇ, ಸಿಕ್ಕಿದ್ದನ್ನು ಮುಚ್ಚಿಡದೆ ಬರೆದರು. ತೀರಿಕೊಂಡ ವಾರದಲ್ಲಿ ನಾನು ಬರೆಯುವಾಗ ಇದು ತಲೆಯಲ್ಲಿ ಇರುತ್ತದೆ. ಹಾಗಾಗಿ 'ಅಪ್ರತಿಮ', 'ಅಜರಾಮರ' ಮುಂತಾದ ಮಾತುಗಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಏನು ಮಾಡಿದರು ಅಂತ ಹೇಳುತ್ತೇನೆ, ಅಷ್ಟೇ.

ವಿವಾದ ಇರುವವರ ಬಗ್ಗೆ ಬರೆಯುವಾಗ ಅದನ್ನು ಎಲ್ಲಿ ಇಡಬೇಕು ಅನ್ನುವುದು ದೊಡ್ಡ ಪ್ರಶ್ನೆ. 2024ರ ಅಕ್ಟೋಬರ್‌ನಲ್ಲಿ ಫಿಲಿಪ್ ಜಿಂಬಾರ್ಡೊ ತೀರಿಕೊಂಡಾಗ ನಾನು ಟೀಕೆಯನ್ನು ಕೊನೆಯ ಪ್ಯಾರಾಗೆ ತಳ್ಳಲಿಲ್ಲ. 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗ ಅವರದ್ದು, ವಿದ್ಯಾರ್ಥಿಗಳನ್ನೇ ಕೈದಿಗಳು, ಕಾವಲುಗಾರರು ಅಂತ ವಿಂಗಡಿಸಿ ನಕಲಿ ಜೈಲಿನಲ್ಲಿಟ್ಟು ನೋಡಿದ್ದು. ಅದು ಎರಡು ವಾರ ನಡೆಯಬೇಕಿತ್ತು, ಆರು ದಿನಕ್ಕೆ ನಿಂತಿತು, ನಿಲ್ಲಿಸಿ ಅಂತ ಗಟ್ಟಿಯಾಗಿ ಹೇಳಿದ್ದು ಅದನ್ನು ನೋಡಲು ಬಂದಿದ್ದ ಮನೋವಿಜ್ಞಾನಿ ಕ್ರಿಸ್ಟಿನಾ ಮ್ಯಾಸ್ಲಾಕ್. ಕಾವಲುಗಾರರು ತಾವಾಗಿಯೇ ಕ್ರೂರಿಗಳಾದರೋ ಅಥವಾ ಹಾಗೆ ನಡೆದುಕೊಳ್ಳಲು ಮೊದಲೇ ಅವರಿಗೆ ಸೂಚನೆ ಇತ್ತೋ ಅನ್ನುವ ಪ್ರಶ್ನೆಯನ್ನು ಪ್ರಯೋಗದ ವಿವರದ ಪಕ್ಕದಲ್ಲೇ ಬರೆದೆ. ನಾಚಿಕೆ ಸ್ವಭಾವದ ಬಗ್ಗೆ ಅವರು ಮಾಡಿದ ವರ್ಷಗಟ್ಟಲೆ ಕೆಲಸ ಜನರಿಗೆ ಗೊತ್ತೇ ಇಲ್ಲ, ಅದಕ್ಕೂ ಜಾಗ ಕೊಟ್ಟೆ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಅಂತ ಕೆಲವರು ಹೇಳುತ್ತಾರೆ. ಆದರೆ ಮನುಷ್ಯರ ನಡವಳಿಕೆಯನ್ನು ಪರೀಕ್ಷೆ ಮಾಡಿ ನೋಡುವುದೇ ಜೀವನ ಅಂದುಕೊಂಡವರ ಕೆಲಸವನ್ನು ಪರೀಕ್ಷೆ ಮಾಡಿ ನೋಡದೆ ನೆನೆಯುವುದು ನನಗೆ ಸರಿ ಕಾಣುವುದಿಲ್ಲ.

ಗಾಳಿಸುದ್ದಿ ಬೇರೆ. ಅದನ್ನು ಸುಮ್ನೆ ಬಿಡದೆ ಕಿತ್ತು ಹಾಕಬೇಕು. ಸ್ಕಿನ್ನರ್ ತಮ್ಮ ಮಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದರು, ಅವಳು ಆಮೇಲೆ ಆತ್ಮಹತ್ಯೆ ಮಾಡಿಕೊಂಡಳು ಅಂತ ಈಗಲೂ ಹೇಳುವವರಿದ್ದಾರೆ. ಅದು ಮಗು ಬೆಚ್ಚಗೆ ಮಲಗಲಿ ಅಂತ ಅವರು ಮಾಡಿದ ಗಾಜಿನ ಮುಂಭಾಗದ ತೊಟ್ಟಿಲು, ಅಷ್ಟೇ. ಮಗಳು ಡೆಬೊರಾ ಸ್ವತಃ 2004ರಲ್ಲಿ ಪತ್ರಿಕೆಯಲ್ಲಿ ಬರೆದು ಈ ಸುಳ್ಳನ್ನು ಅಲ್ಲಗಳೆದರು. ಸ್ಕಿನ್ನರ್ ಬಗ್ಗೆ ನಾನು ತಪ್ಪದೆ ಹೇಳುವುದು ಅವರ ಕೊನೆಯ ದಿನಗಳನ್ನು. ರಕ್ತದ ಕ್ಯಾನ್ಸರ್ ಇತ್ತು. 1990ರ ಆಗಸ್ಟ್ 10ರಂದು ಮನೋವಿಜ್ಞಾನಿಗಳ ಸಮಾವೇಶದಲ್ಲಿ ಭಾಷಣ ಮಾಡಿದರು, 18ರಂದು ತೀರಿಕೊಂಡರು. ಆ ಭಾಷಣದಲ್ಲೂ ತಮ್ಮ ಹಳೆಯ ವಾದವನ್ನೇ, ಮನಸ್ಸಿನ ಒಳಗಿನ ಕಥೆಗಳಿಂದ ನಡವಳಿಕೆಯನ್ನು ವಿವರಿಸಬೇಡಿ ಅನ್ನುವುದನ್ನೇ, ಬಿಡದೆ ಹೇಳಿದರು.

ಇನ್ನು ಹೆಸರು ಬಿಟ್ಟುಹೋದವರು. ಪ್ರತಿ ಬರಹಕ್ಕೂ ಮೊದಲು ನಾನು ಕೇಳಿಕೊಳ್ಳುತ್ತೇನೆ, ಈ ಕೋಣೆಯಲ್ಲಿ ಇನ್ನೂ ಯಾರಿದ್ದರು? ಕರಿಯ ಮಕ್ಕಳ ಮುಂದೆ ಕರಿ, ಬಿಳಿ ಗೊಂಬೆಗಳನ್ನಿಟ್ಟು ಯಾವುದು ಇಷ್ಟ ಅಂತ ಕೇಳಿದ ಗೊಂಬೆ ಪ್ರಯೋಗ ಅಂದರೆ ಕೆನೆತ್ ಕ್ಲಾರ್ಕ್ ಹೆಸರು ಮೊದಲು ಬರುತ್ತದೆ, ಅಮೆರಿಕದ ಶಾಲೆಗಳಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಬೇರೆ ಮಾಡುವುದು ತಪ್ಪು ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತೀರ್ಪಿನ ಜೊತೆ. ಆ ಕೆಲಸದ ಬೇರು ಇರುವುದು ಅವರ ಹೆಂಡತಿ ಮೇಮಿ ಫಿಪ್ಸ್ ಕ್ಲಾರ್ಕ್ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಎಂ.ಎ. ಪ್ರಬಂಧದಲ್ಲಿ. ಇದು ಮೇಮಿ ಅವರ ಕೆಲಸ, ತಾನು ಆಮೇಲೆ ಸೇರಿಕೊಂಡೆ ಅಂತ ಕೆನೆತ್ ಅವರೇ ಹೇಳಿದ್ದಾರೆ. 1946ರಲ್ಲಿ ಹಾರ್ಲೆಮ್‌ನಲ್ಲಿ ಮಕ್ಕಳಿಗಾಗಿ ಅವರಿಬ್ಬರೂ ಕಟ್ಟಿದ ಸಂಸ್ಥೆಯನ್ನು ದಶಕಗಟ್ಟಲೆ ನಡೆಸಿದ್ದು ಮೇಮಿ.

ಮೇರಿ ವಿಟನ್ ಕಾಲ್ಕಿನ್ಸ್ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. 1890ರಲ್ಲಿ ಹಾರ್ವರ್ಡ್‌ನಲ್ಲಿ ವಿಲಿಯಂ ಜೇಮ್ಸ್ ತರಗತಿಗೆ ಸೇರಿದರು, ವಿದ್ಯಾರ್ಥಿನಿಯಾಗಿ ಅಲ್ಲ, ಅತಿಥಿಯಾಗಿ. ಉಳಿದ ವಿದ್ಯಾರ್ಥಿಗಳು ಕೆಲವೇ ವಾರದಲ್ಲಿ ಬಿಟ್ಟುಹೋದರು, ಜೇಮ್ಸ್ ಮತ್ತು ಇವರು ಇಬ್ಬರೇ ಉಳಿದರು. ಈ ವಿಷಯ ಸಿಗುವುದು ಅವರದೇ ಆತ್ಮಕಥನದಲ್ಲಿ, ಅವರು ತೀರಿಕೊಂಡ 1930ರಲ್ಲೇ ಅದು ಅಚ್ಚಾಯಿತು. ಪಿಎಚ್.ಡಿ.ಗೆ ಬೇಕಾದ ಎಲ್ಲ ಕೆಲಸ ಮುಗಿಸಿದರು, ಪರೀಕ್ಷಕರು ಮೆಚ್ಚಿದರು, ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಹಾರ್ವರ್ಡ್ ಪದವಿ ಕೊಡಲಿಲ್ಲ. 1902ರಲ್ಲಿ ಅದರ ಮಹಿಳಾ ಕಾಲೇಜಿನ ಹೆಸರಲ್ಲಿ ಕೊಡುತ್ತೇವೆ ಅಂದಾಗ ಬೇಡ ಅಂದರು. ಕೆಲಸ ಮಾಡಿದ್ದು ಹಾರ್ವರ್ಡ್‌ನಲ್ಲಿ, ಹಾಗಿರುವಾಗ ಬೇರೆ ಹೆಸರಿನ ಪದವಿ ಯಾಕೆ ತೆಗೆದುಕೊಳ್ಳಬೇಕು? ಮೂರು ವರ್ಷದ ಮೇಲೆ ಅಮೆರಿಕದ ಮನೋವಿಜ್ಞಾನಿಗಳ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದರು. ಇಲ್ಲಿ ಅನ್ಯಾಯವನ್ನೇ ಪೂರ್ತಿ ಬರೆದುಬಿಡುವ ಆಸೆ ಆಗುತ್ತದೆ. ಅದಕ್ಕೆ ಅವರ ಕೆಲಸಕ್ಕೆ ಬೇಕೆಂದೇ ಜಾಸ್ತಿ ಜಾಗ ಇಡುತ್ತೇನೆ. ಎರಡೆರಡು ವಿಷಯಗಳನ್ನು ಜೋಡಿ ಮಾಡಿ ತೋರಿಸಿ, ಒಂದನ್ನು ಕೊಟ್ಟು ಇನ್ನೊಂದನ್ನು ಕೇಳುವ ನೆನಪಿನ ಪರೀಕ್ಷೆ ಇದೆಯಲ್ಲ, ಆ ವಿಧಾನ ಅವರದ್ದು. ಇವತ್ತಿಗೂ ಬಳಕೆಯಲ್ಲಿದೆ.

ಕೋಣೆಯಲ್ಲಿದ್ದವರು ಅಂದರೆ ಪ್ರಯೋಗಕ್ಕೆ ಒಳಗಾದವರೂ ಸೇರುತ್ತಾರೆ. ನೆನಪಿನ ಬಗ್ಗೆ ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್ ಅವರ ಬಗ್ಗೆ ಹೇಳುವಾಗ, ಅವರು ಪರೀಕ್ಷಿಸಿದ ಹೆನ್ರಿ ಮೊಲೈಸನ್ ಬಗ್ಗೆ ಹೇಳದೆ ಇರಲು ಸಾಧ್ಯವೇ? 1953ರಲ್ಲಿ ಮೂರ್ಛೆರೋಗಕ್ಕೆ ಮೆದುಳಿನ ಆಪರೇಷನ್ ಆದ ಮೇಲೆ ಮೊಲೈಸನ್ ಅವರಿಗೆ ಹೊಸ ನೆನಪು ಉಳಿಯುತ್ತಲೇ ಇರಲಿಲ್ಲ. ಮಿಲ್ನರ್ ಎಷ್ಟು ಸಲ ಬಂದರೂ ಹೊಸಬರೇ. ಆದರೂ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರ ಬಿಡಿಸುವ ಕೆಲಸದಲ್ಲಿ ದಿನದಿಂದ ದಿನಕ್ಕೆ ಅವರ ಕೈ ಪಳಗಿತು, ಮೊದಲು ಮಾಡಿದ್ದು ಮಾತ್ರ ನೆನಪಿಲ್ಲ. ಐವತ್ತು ವರ್ಷಕ್ಕೂ ಜಾಸ್ತಿ ಅವರು ಪುಸ್ತಕಗಳಲ್ಲಿ ಎರಡು ಅಕ್ಷರ ಮಾತ್ರ ಆಗಿದ್ದರು, ಎಚ್.ಎಂ. ಅಂತ. ಪೂರ್ತಿ ಹೆಸರು ಹೊರಬಂದದ್ದು 2008ರಲ್ಲಿ ತೀರಿಕೊಂಡ ಮೇಲೆ. ಈಗ ನಾನು ಆ ಹೆಸರನ್ನೇ ಪೂರ್ತಿ ಬರೆಯುತ್ತೇನೆ.

ಇತ್ತೀಚೆಗೆ ತೀರಿಕೊಂಡವರಾದರೆ ಅವರ ವಿದ್ಯಾರ್ಥಿಗಳನ್ನು ಮಾತಾಡಿಸುತ್ತೇನೆ. 'ಅವರು ಹೇಗಿದ್ದರು?' ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ, ತುಂಬಾ ಒಳ್ಳೆಯವರು ಅಂತ. ಅದಕ್ಕೆ ಬೇರೆ ಥರ ಕೇಳುತ್ತೇನೆ. ನಿಮ್ಮ ಪ್ರಬಂಧದ ಅಂಚಿನಲ್ಲಿ ಏನು ಬರೆಯುತ್ತಿದ್ದರು? ಯಾವ ಮಾತಿಗೆ ಸಿಟ್ಟಾಗುತ್ತಿದ್ದರು? ಯಾವ ಪುಸ್ತಕ ಓದು ಅಂತ ಪದೇ ಪದೇ ಹೇಳುತ್ತಿದ್ದರು? ಆಗ ಜನ ಸ್ವಲ್ಪ ಹೊತ್ತು ಯೋಚನೆ ಮಾಡಿ, ನಿಜವಾದದ್ದನ್ನು ಹೇಳುತ್ತಾರೆ. ಮನೆಯವರ ಹತ್ತಿರ ದುಃಖ ತಣಿಯುವವರೆಗೆ ಹೋಗುವುದಿಲ್ಲ, ಹೋದರೂ ಕಾಯಿಲೆಯ ವಿವರ ಕೇಳುವುದಿಲ್ಲ.

ಈಗ ಮೇರಿ ಐನ್ಸ್‌ವರ್ತ್ ಬಗ್ಗೆ ಓದುತ್ತಿದ್ದೇನೆ. ತಾಯಿ ಹೊರಗೆ ಹೋಗಿ ಮತ್ತೆ ಬಂದಾಗ ಮಗು ಏನು ಮಾಡುತ್ತದೆ ಅನ್ನುವ ಪ್ರಯೋಗಾಲಯದ ಪರೀಕ್ಷೆಯಿಂದಲೇ ಎಲ್ಲರೂ ಅವರ ಕಥೆ ಶುರು ಮಾಡುತ್ತಾರೆ. ಅದಕ್ಕೆ ಎಷ್ಟೋ ವರ್ಷ ಮೊದಲು, 1954ರಲ್ಲಿ ಗಂಡನ ಜೊತೆ ಉಗಾಂಡಾಕ್ಕೆ ಹೋದಾಗ, ಅವರು 26 ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕೂತು 28 ಮಕ್ಕಳನ್ನು ಅವರವರ ಮನೆಯಲ್ಲೇ ನೋಡಿದರು. ಆ ಕೆಲಸದ ಪುಸ್ತಕ ಬಂದದ್ದು 1967ರಲ್ಲಿ. ನನ್ನ ಬರಹ ಆ ಮನೆಗಳಿಂದ ಶುರುವಾಗುತ್ತದೆ.